ತ್ರಿಷ್ಟುಪ್ಪಿನ ಕೀಲಿಕೈ

ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗನೊಬ್ಬ ಗೆಳೆಯನಿಗೆ ಕ್ರಿಪ್ಟೊ ಪಾಠ ಹೇಳುತ್ತಿದ್ದ: "ಮೊದ್ಲು ವಾಲೆಟ್ ಆ್ಯಪ್ ಹಾಕ್ಕೊ. ಹನ್ನೆರಡು ಪದ ಕೊಡತ್ತೆ, ಹಾಳೇಲಿ ಬರ್ಕೊ. ಸ್ಕ್ರೀನ್‌ಶಾಟ್ ತೆಗೀಬೇಡ." ಪಾಠ ಸರಿಯಾಗಿಯೇ ಇತ್ತು. ಆದರೆ ವಾಲೆಟ್ಟಿನ ಕೀಲಿಕೈಯಾದ ಆ ಹನ್ನೆರಡು ಪದಗಳು ನನ್ನನ್ನು ವಾರವಿಡೀ ಬಿಡಲಿಲ್ಲ.

ಅವು ಬರುವುದು 2013ರಲ್ಲಿ ಬಿಟ್‌ಕಾಯಿನ್ ತಂತ್ರಜ್ಞರು ರೂಪಿಸಿದ ಕ್ರಮದಂತೆ, 2048 ಪದಗಳ ಪಟ್ಟಿಯಿಂದ. ಛಂದಸ್ಸು ಓದಿದವರ ಕಿವಿ ಇಲ್ಲಿ ನಿಮಿರಬೇಕು. ಪಾದಕ್ಕೆ ಹನ್ನೊಂದು ಅಕ್ಷರದ ತ್ರಿಷ್ಟುಪ್ಪಿನಲ್ಲಿ ಹುಟ್ಟುವ ಸಮವೃತ್ತಗಳೂ ಅಷ್ಟೇ. ಗುರು ಲಘುಗಳ ಎಲ್ಲ ಜೋಡಣೆಗಳನ್ನೂ ಸಾಲಾಗಿ ಬರೆಯುವ ಪ್ರಸ್ತಾರದಲ್ಲಿ ಪ್ರತಿ ವೃತ್ತಕ್ಕೂ ಒಂದು ಸಂಖ್ಯೆಯುಂಟು. ಗುರುವಿಗೆ ಸೊನ್ನೆ, ಲಘುವಿಗೆ ಅದರ ಸ್ಥಾನದ ಬೆಲೆ: 1, 2, 4, 8 ಹೀಗೆ. ಇಂದ್ರವಜ್ರದಲ್ಲಿ ಲಘು ಬೀಳುವುದು 3, 6, 7, 9ನೆಯ ಜಾಗಗಳಲ್ಲಿ. 4, 32, 64, 256 ಕೂಡಿಸಿ ಒಂದು ಸೇರಿಸಿದರೆ 357. ಪ್ರಸ್ತಾರದಲ್ಲಿ ಅದರ ಸ್ಥಾನ ಅದೇ. ಮೊದಲಕ್ಷರ ಲಘುವಾದ ಉಪೇಂದ್ರವಜ್ರ 358. ವೃತ್ತದಿಂದ ಸಂಖ್ಯೆಗೆ ಹೋದರೆ ಉದ್ದಿಷ್ಟ, ಸಂಖ್ಯೆಯಿಂದ ವೃತ್ತಕ್ಕೆ ಮರಳಿದರೆ ನಷ್ಟ. ಛಂದಶ್ಶಾಸ್ತ್ರಕಾರ ನಾಗವರ್ಮನನ್ನು ಓದಿದವರಿಗೆ ಇದು ಹೊಸತಲ್ಲ. ವಾಲೆಟ್ ಮಾಡುವುದೂ ನಷ್ಟಕ್ರಿಯೆಯನ್ನೇ. ಕುರುಡಾಗಿ ಎತ್ತಿದ 128 ಬಿಟ್‌ಗಳಿಗೆ ತಾಳೆ ನೋಡಲು ನಾಲ್ಕು ಬಿಟ್ ಸೇರಿಸಿ, ಹನ್ನೊಂದು ಹನ್ನೊಂದಾಗಿ ತುಂಡರಿಸಿ, ತುಂಡಿಗೊಂದು ಪದ ಹಚ್ಚುತ್ತದೆ. ಪದದ ಬದಲು ವೃತ್ತ ಹಚ್ಚಿದರೂ ನಡೆದೀತು. "ಕ್ರಿಪ್ಟೊ ನಮ್ಮಲ್ಲಿ ಮೊದಲೇ ಇತ್ತು" ಎಂದು ವಾಟ್ಸಾಪ್‌ನಲ್ಲಿ ಹಬ್ಬಿಸಲು ಹೊರಟವರು ದಯವಿಟ್ಟು ಸುಮ್ಮನಿರಿ. ಎರಡರ ಘಾತ ಯಾರಪ್ಪನ ಮನೆಯ ಸ್ವತ್ತೂ ಅಲ್ಲ.

ಆದರೆ ಇಷ್ಟದ ವೃತ್ತಗಳನ್ನು ನಾವೇ ಆರಿಸಿದೆವೋ, ಕೆಟ್ಟೆವು. ಇಂದ್ರವಜ್ರ, ಉಪೇಂದ್ರವಜ್ರ, ಶಾಲಿನಿ, ರಥೋದ್ಧತ, ಸ್ವಾಗತ ಎಂದು ಕೈ ಪರಿಚಿತವಾದುದಕ್ಕೇ ಹೋಗುತ್ತದೆ. ಐದರಿಂದ ಹನ್ನೆರಡು ಪಾದ ಕಟ್ಟಿದರೆ ಸುಮಾರು 24 ಕೋಟಿ ಜೋಡಣೆ. ಕಂಪ್ಯೂಟರಿಗೆ ಅದು ಲೆಕ್ಕಕ್ಕಿಲ್ಲ. ರಸಿಕತೆಗೆ ಇಲ್ಲಿ ಎಡೆಯಿಲ್ಲ.

ಇಷ್ಟು ಬರೆದ ಮೇಲೆ ಆ ಗೆಳೆಯ ಕೊಟ್ಟ ಉತ್ತರ ನೆನಪಾಯಿತು: "ನಂಗೆ ಯಾವ ಪದಾನೂ ಕೊಟ್ಟಿಲ್ಲ, ಎಕ್ಸ್‌ಚೇಂಜಲ್ಲೇ ಇಟ್ಟಿದೀನಿ." ಅವನ ಕೀಲಿಕೈ ಎಕ್ಸ್‌ಚೇಂಜಿನ ಕೈಯಲ್ಲಿದೆ, ಅವನ ಬಳಿ ಇಲ್ಲವೇ ಇಲ್ಲ. ನನ್ನ 2048ರ ವೈಭವ ಅವನಿಗೆ ಸಂಬಂಧಿಸಿದ್ದೇ ಅಲ್ಲ. 2024ರ ಜುಲೈನಲ್ಲಿ ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜಿನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯಗಳು ಕಳವಾದಾಗ ಗ್ರಾಹಕರು ತಮ್ಮ ಖಾತೆಯ ಅಂಕಿಗಳನ್ನು ನೋಡುತ್ತ ಕೂರಬೇಕಾಯಿತು, ಹಿಂಪಡೆಯುವಂತಿರಲಿಲ್ಲ. ಲಾಭಕ್ಕೆ ಶೇ 30 ತೆರಿಗೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ ಎಂಬ 2022ರ ನಿಯಮಗಳು ಇದರ ಮೇಲೆ.

ಹಾಳೆಯನ್ನು ತಾನೇ ಇಟ್ಟುಕೊಂಡವನ ಪಾಡು ಬೇರೆ. ಬ್ಯಾಂಕ್ ಖಾತೆಗೆ ನಾಮಿನಿ ಇದ್ದಾರೆ, ವಾರಸುದಾರರಿಗೆ ಕೋರ್ಟಿದೆ. ಹಾಳೆಗೆ ಗೆದ್ದಲು ಹಿಡಿದರೆ ಯಾವ ಆದೇಶವೂ ವಾಲೆಟ್ ತೆರೆಸಲಾರದು. ಹಾಗೆಂದು ಅದನ್ನು ಮನೆಯಲ್ಲಿ ಯಾರಿಗೆ ತೋರಿಸುವುದು? ಓದಿದವರೆಲ್ಲ ಆ ಹಣಕ್ಕೆ ಸಮಾನ ಒಡೆಯರು. ವಾಲೆಟ್ ಸಹಿ ಕೇಳುವುದಿಲ್ಲ.