ಕೊಕ್ಕಿಗೆ ಹಿಡಿಯುವಷ್ಟು ಕಾಡು

ದಟ್ಟ ಕಾಡಿನೊಳಗೆ ಗಂಟೆಗಟ್ಟಲೆ ಕೂತರೂ ನಾಲ್ಕು ಹಕ್ಕಿ ಕಾಣದವರು, ಕಾಡು ಮುಗಿದು ತೋಟ ಶುರುವಾಗುವ ಕಡೆ ನಿಂತರೆ ಎಣಿಸಿ ಸುಸ್ತಾಗುತ್ತಾರೆ. ಪಿಕಳಾರ, ಸೂರಕ್ಕಿ, ಕುಟ್ರುಹಕ್ಕಿ, ಮಡಿವಾಳ ಎಲ್ಲ ಅಲ್ಲೇ. ಬಿಸಿಲು ಬೀಳುವ ಅಂಚಿನಲ್ಲಿ ಹೂವು, ಹಣ್ಣು, ಹುಳ ಮೂರೂ ಧಾರಾಳ. ಅಮೆರಿಕದ ಆಲ್ಡೊ ಲಿಯೋಪೋಲ್ಡ್ 1933ರಲ್ಲಿ ಬರೆದ ಪುಸ್ತಕದಲ್ಲಿ, ಅಂಚು ಹೆಚ್ಚಿದ ಕಡೆ ಬೇಟೆಯ ಪ್ರಾಣಿಪಕ್ಷಿಗಳೂ ಹೆಚ್ಚುತ್ತವೆ ಎಂದು ವಾದಿಸಿದ್ದರು. ಅದೇ ತರ್ಕ ನಮ್ಮ ಮಲೆನಾಡಿನಲ್ಲೂ ಬೇರೆ ರೂಪದಲ್ಲಿ ಕೇಳಿಬರುತ್ತದೆ: ಕಾಡು ತುಂಡಾದರೇನಂತೆ, ತೋಟದಲ್ಲಿ ಹಕ್ಕಿ ಕಡಿಮೆಯಾಗಿಲ್ಲವಲ್ಲ?

ಆಗಿಲ್ಲದಿರಬಹುದು. ಆದರೆ ಬರೀ ತಲೆ ಎಣಿಸಿ ಕಾಡಿನ ಆರೋಗ್ಯ ಹೇಳಲಾಗದು. ಯಾವ ಹಕ್ಕಿ ಯಾವ ಗಿಡದಿಂದ ಏನು ತಿಂದು, ಬೀಜವನ್ನು ಎಲ್ಲಿ ಉದುರಿಸುತ್ತದೆ ಎಂಬುದು ತಿಳಿಯದೆ ಆ ಎಣಿಕೆಗೆ ಅರ್ಥವಿಲ್ಲ.

ಹಣ್ಣು ನುಂಗುವ ಹಕ್ಕಿಗೆ ಬಾಯಿ ಎಷ್ಟು ಅಗಲ ತೆರೆಯುತ್ತದೋ ಅಷ್ಟೇ ಊಟ. ಲಂಟಾನದ ಕಪ್ಪು ಹಣ್ಣು ಪಿಕಳಾರಕ್ಕೆ ಒಂದು ಗುಟುಕು. ರಾಮಪತ್ರೆಯ ಬೀಜವನ್ನೋ ಕಾಡುಧೂಪದ ಕಾಯನ್ನೋ ನುಂಗುವುದು ಅದರಿಂದಾಗದು. ಅವನ್ನು ದೂರ ಒಯ್ಯಲು ಮಂಗಟ್ಟೆ ಬೇಕು, ಇಲ್ಲವೇ ದೊಡ್ಡ ಕಾಡುಪಾರಿವಾಳ ಬೇಕು. ಅಂಚಿನಲ್ಲಿ ಮೊದಲು ಮೇಲೇಳುವ ಗಿಡಗಳು ಬಹುಪಾಲು ಬಿಸಿಲು ಬಯಸುವಂಥವು, ಬೇಗ ಫಲ ಬಿಡುವಂಥವು, ಸಣ್ಣ ಹಣ್ಣಿನವು. ಅವನ್ನು ತಿಂದ ಹಕ್ಕಿ ಅವುಗಳ ಬೀಜವನ್ನೇ ಬೇಲಿಗೆ, ತಂತಿಯ ಕೆಳಗೆ, ಮರ ಬಿದ್ದು ಬಯಲಾದ ಜಾಗಕ್ಕೆ ಹಾಕುತ್ತದೆ. ಹೀಗೆ ಅಂಚು ಒಂದು ಜರಡಿಯಂತೆ ಕೆಲಸ ಮಾಡುತ್ತದೆ: ಸಣ್ಣ ಬೀಜ ಇಳಿದುಹೋಗುತ್ತದೆ, ದೊಡ್ಡದು ಮೇಲೇ ಉಳಿಯುತ್ತದೆ. ಹಕ್ಕಿಗಳ ಗದ್ದಲ ಹಾಗೇ ಇರುವಾಗಲೇ ಹಿಂದಿನ ಕಾಡಿನ ಮರಗಳು ಬದಲಾಗುತ್ತಾ ಹೋಗಬಹುದು.

ಮರದ ಕೊಂಬೆಯ ಮೇಲೆ ಬೆಳೆಯುವ ಪರಾವಲಂಬಿ ಬದನಿಕೆಯನ್ನೇ ನೋಡಿ. ಬದನಿಕೆ ಹಕ್ಕಿ ಅದರ ಹಣ್ಣು ತಿಂದು, ಅಂಟಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹಾರಿಹೋಗುತ್ತದೆ. ಬೀಜ ಅಲ್ಲೇ ಬೇರಿಳಿಸುತ್ತದೆ. ಬೆಳಕು ಧಾರಾಳವಾಗಿರುವ ಮಾವಿನ ತೋಪಿನಲ್ಲಿ ಈ ಜೋಡಿ ಎಷ್ಟು ಸುಖವಾಗಿದೆ ಎಂಬುದನ್ನು ಮಾವು ಬೆಳೆದವರೇ ಹೇಳಬೇಕು, ಅದೂ ಒಳ್ಳೆಯ ಮಾತಿನಲ್ಲಲ್ಲ.

ಊಟದಂತೆ ಗೂಡಿನ ವಿಷಯವೂ ಇದೆ. ಮಿಶಿಗನ್‌ನಲ್ಲಿ ಹೊಲವೂ ಕಾಡೂ ಸೇರುವ ಅಂಚನ್ನು ಪರಿಶೀಲಿಸಿದ ಗೇಟ್ಸ್ ಮತ್ತು ಗೈಸೆಲ್ 1978ರಲ್ಲಿ ವರದಿ ಮಾಡಿದ್ದು ಇದು: ಅಂಚಿಗೆ ಹತ್ತಿರವಾದಷ್ಟೂ ಗೂಡುಗಳು ಹೆಚ್ಚು, ಆದರೆ ಅಲ್ಲಿ ರೆಕ್ಕೆ ಬಲಿತು ಹಾರುವ ಮರಿಗಳು ಕಡಿಮೆ. ಮೊಟ್ಟೆ ಕದಿಯುವ ಪ್ರಾಣಿಗಳೂ ಪರರ ಗೂಡಿನಲ್ಲಿ ಮೊಟ್ಟೆಯಿಡುವ ಕೌಬರ್ಡ್ ಹಕ್ಕಿಗಳೂ ಅದೇ ಅಂಚಿನಲ್ಲಿ ಸುಳಿಯುತ್ತಿದ್ದವು. ಹಕ್ಕಿಯ ಕಣ್ಣಿಗೆ ಒಳ್ಳೆಯ ಪೊದೆಯಾಗಿ ಕಂಡದ್ದು ಅದರ ಪಾಲಿಗೆ ಬೋನು.

ಹಾಗಾದರೆ ಅಂಚೆಲ್ಲ ಕೆಟ್ಟದ್ದೇ? ಹಾಗೆನ್ನಲು ಬ್ರೆಜಿಲ್‌ನ ಅನುಭವ ಬಿಡುವುದಿಲ್ಲ. ಮನೌಸ್ ನಗರದ ಉತ್ತರಕ್ಕೆ, ಥಾಮಸ್ ಲವ್‌ಜಾಯ್ 1979ರಲ್ಲಿ ಆರಂಭಿಸಿದ ಪ್ರಯೋಗದಲ್ಲಿ ದನದ ಹುಲ್ಲುಗಾವಲಿಗಾಗಿ ಕಾಡು ಕಡಿಯುವಾಗ ನಡುನಡುವೆ 1, 10, 100 ಹೆಕ್ಟೇರಿನ ತುಂಡುಗಳನ್ನು ಉಳಿಸಿದರು. ಇರುವೆ ದಂಡಿನ ಬೆನ್ನುಹತ್ತಿ ಹುಳ ಹಿಡಿಯುವ ಹಕ್ಕಿಗಳು ಸಣ್ಣ ತುಂಡುಗಳಿಂದ ಬೇಗನೆ ಮಾಯವಾದವು. ಮುಂದೆ ಕೆಲವು ಹುಲ್ಲುಗಾವಲುಗಳನ್ನು ಕೈಬಿಟ್ಟಾಗ ಸ್ವಾರಸ್ಯದ ಸಂಗತಿ ನಡೆಯಿತು. ಸುತ್ತಲೂ ಸೆಕ್ರೋಪಿಯಾ ಮರಗಳು ಎದ್ದು ನಿಂತ ತುಂಡುಗಳಿಗೆ, ಮಾಯವಾಗಿದ್ದ ಹಕ್ಕಿಗಳಲ್ಲಿ ಹಲವು ಮರಳಿದವು. ಸುಟ್ಟ ನೆಲದಲ್ಲಿ ವಿಸ್ಮಿಯಾ ಗಿಡ ಹಬ್ಬಿದ ಕಡೆ ಅಷ್ಟಾಗಿ ಮರಳಲಿಲ್ಲ. ಒಳಗಿನ ತುಂಡಿನ ವಿಸ್ತೀರ್ಣ ಬದಲಾಗಿರಲಿಲ್ಲ, ಹೊರಗಿನ ಗಿಡ ಬದಲಾಗಿತ್ತು. ಕಾಡಿನ ತುಂಡು ಎಷ್ಟು ದೊಡ್ಡದು ಎಂದು ಕೇಳುವಷ್ಟೇ ಗಂಭೀರವಾಗಿ ಅದರ ಅಂಚಿನಲ್ಲಿ ಏನು ಬೆಳೆದಿದೆ ಎಂದೂ ಕೇಳಬೇಕೆಂದು ನಾನು ಹೇಳುವುದು ಇದಕ್ಕೇ.

ಲಂಟಾನದ ಪರವಾಗಿಯೂ ಒಂದು ವಾದವಿದೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅಲಂಕಾರದ ಗಿಡವಾಗಿ ಬಂದದ್ದು ಇಂದು ಎಷ್ಟೋ ಹಕ್ಕಿಗೆ ಹಣ್ಣು, ಮರೆ, ಗೂಡು ಎಲ್ಲ ಆಗಿದೆ; ಕಿತ್ತರೆ ಅವು ಎಲ್ಲಿಗೆ ಹೋಗಬೇಕು? ಒಮ್ಮೆಲೇ ಕಿತ್ತು ನೆಲ ಬೋಳಾಗಿಸುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ಲಂಟಾನ ತನ್ನ ಕೆಳಗೆ ಬೇರೆ ಸಸಿ ಏಳಗೊಡುವುದು ಅಪರೂಪ. ತಪ್ಪೆಲ್ಲ ಹಕ್ಕಿಯದ್ದೂ ಅಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ತಾವು ನೆಲದ ಒಣ ಎಲೆಗೆ ಹಾಕುತ್ತಿದ್ದ ತರಗುಬೆಂಕಿಯನ್ನು ನಿಲ್ಲಿಸಿದ ಮೇಲೆಯೇ ಲಂಟಾನ ಕಾಡು ತುಂಬಿತು ಎನ್ನುತ್ತಾರೆ. ಬೀಜ ತಂದದ್ದು ಹಕ್ಕಿಯಾದರೂ ಜಾಗ ಮಾಡಿಕೊಟ್ಟದ್ದು ನಾವು.

ಸಣ್ಣ ಬಾಯಿಗೂ ದೊಡ್ಡ ಬಾಯಿಗೂ ಒಟ್ಟಿಗೆ ಊಟ ಬಡಿಸುವ ಮರಗಳೆಂದರೆ ಅತ್ತಿ, ಬಸರಿ, ಗೋಣಿಯ ಜಾತಿಯವು. ಬೀಜ ಸಾಸಿವೆಗಿಂತ ಚಿಕ್ಕದು, ಪಿಕಳಾರವೂ ಒಯ್ಯಬಲ್ಲದು. ಇಡೀ ಕಾಡಿನ ಇಂಥ ಮರಗಳೆಲ್ಲ ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ, ಹಾಗಾಗಿ ಬೇರೆಡೆ ಹಣ್ಣಿಲ್ಲದ ತಿಂಗಳಲ್ಲೂ ಎಲ್ಲೋ ಒಂದು ಮರ ಹಣ್ಣು ಹೊತ್ತಿರುತ್ತದೆ. ಅದನ್ನು ಹುಡುಕಿ ಮಂಗಟ್ಟೆ ಬರುತ್ತದೆ, ಬರುವಾಗ ಕಾಡಿನೊಳಗಿನ ದೊಡ್ಡ ಬೀಜಗಳನ್ನೂ ಹೊಟ್ಟೆಯಲ್ಲಿ ತರುತ್ತದೆ. ಪಿಕಳಾರ ಬಿತ್ತಿದ ಮರದ ಬುಡದಲ್ಲಿ ಧೂಪದ ಸಸಿ ಏಳುವುದು ಹೀಗೆ.

ಕೊಡಗು, ಚಿಕ್ಕಮಗಳೂರಿನ ಹಳೆಯ ಕಾಫಿ ತೋಟಗಳಲ್ಲಿ ಅತ್ತಿ, ಗೋಣಿ, ಕರಿಬಸರಿ, ಬಿಳಿಬಸರಿಗಳು ಮೇಲ್ನೆರಳಿನ ಮರಗಳಾಗಿ ಉಳಿದಿದ್ದವು. ಅವುಗಳ ಜಾಗಕ್ಕೆ ಈಗ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಬರುತ್ತಿದೆ. ಅದರ ಹೂವಿಗೆ ಮಕರಂದ ಹೀರುವ ಹಕ್ಕಿ ಬಂದೀತು. ಬೀಜ ಒಣ ರೆಕ್ಕೆಯದ್ದು, ಹಣ್ಣು ತಿನ್ನುವವಕ್ಕೆ ಅಲ್ಲಿ ಏನೂ ಇಲ್ಲ. ಬೆಳೆಗಾರ ಅದನ್ನು ನೆಡಲು ಕಾರಣಗಳಿವೆ: ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗಿನ ಕಾಂಡ ಸಿಗುತ್ತದೆ, ಮುಖ್ಯವಾಗಿ 1976ರ ಕರ್ನಾಟಕ ಮರಗಳ ಸಂರಕ್ಷಣೆ ಕಾಯ್ದೆಯಡಿ ಅದನ್ನು ಕಡಿಯಲು ಪರವಾನಗಿಯ ತಲೆನೋವಿಲ್ಲ. ಆ ವಿನಾಯಿತಿ ಕೊಟ್ಟವರ ಮನಸ್ಸಿನಲ್ಲಿ ಮಂಗಟ್ಟೆ ಇದ್ದಿರಲಾರದು. ಆದರೂ ನಾಟಿ ಮರ ಬೆಳೆಸಿದವನಿಗೆ ಕಚೇರಿ ಅಲೆದಾಟ, ಸಿಲ್ವರ್ ಓಕ್ ಬೆಳೆಸಿದವನಿಗೆ ನೇರ ದುಡ್ಡು ಎಂಬ ಸ್ಥಿತಿ ಇರುವಷ್ಟು ದಿನ, ಹಕ್ಕಿಗಾಗಿ ಬಸರಿ ಉಳಿಸಪ್ಪಾ ಎಂದು ಬೆಳೆಗಾರನಿಗೆ ಉಪದೇಶ ಮಾಡುವ ನೈತಿಕ ಹಕ್ಕು ಪೇಟೆಯ ಪಕ್ಷಿಪ್ರೇಮಿಗಳಿಗೆ ಇಲ್ಲ.