ಶಾಸನಸಭೆಯಲ್ಲಿ ಕೂಲಿಗಾರನ ಪೀಠ

ಮೈಸೂರು ಸಂಸ್ಥಾನದಲ್ಲಿ ಕೂಲಿಗಾರರ ಸಂಘಗಳಿಗೆ ಕಾನೂನಿನ ಮಾನ್ಯತೆಯೇ ಇಲ್ಲದಿದ್ದಾಗ ಬೆಂಗಳೂರಿನ ಗಿರಣಿಯಾಳುಗಳ ಪಕ್ಷವಹಿಸಿ ನಿಂತವರು ವಕೀಲರಾದ ಶ್ರೀ ಕೆ.ಟಿ. ಭಾಷ್ಯಂ ಅವರು. ರಾಷ್ಟ್ರೀಯ ಹೋರಾಟದಲ್ಲಿ ಸೆರೆಮನೆಯನ್ನೂ ಕಂಡರು. 1947ರ ಅಕ್ಟೋಬರಿನಲ್ಲಿ ಶ್ರೀ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ರಚಿತವಾದಾಗ ಕಾನೂನು ಮತ್ತು ಕಾರ್ಮಿಕ ಶಾಖೆಗಳು ಅವರ ಪಾಲಿಗೆ ಬಂದವು. ಮನವಿ ಹಿಡಿದು ನಿಂತವರೇ ಮನವಿ ಸ್ವೀಕರಿಸುವ ಪೀಠವನ್ನೇರಿದರು. ಅದು ಸುಖದ ಪೀಠವಲ್ಲ. ನಿನ್ನೆಯ ಸಂಗಡಿಗರೇ ಎದುರು ನಿಂತು ಲೆಕ್ಕ ಕೇಳುವರು. ಕೇಳಲಿ! ಕಳುಹಿಸಿದ್ದು ಅದಕ್ಕಾಗಿಯೇ ಅಲ್ಲವೆ?

ಇಂದು ಆ ಪೀಠವೆಲ್ಲಿದೆ? 2016ರ ಏಪ್ರಿಲ್ 18 ಮತ್ತು 19ರಂದು ಬಿ.ಟಿ.ಎಂ. ಬಡಾವಣೆಯಾಚೆಯ ಬೊಮ್ಮನಹಳ್ಳಿಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳ ಸ್ತ್ರೀಯರು ಮುಖಂಡರಿಲ್ಲದೆಯೇ ಹೊಸೂರು ರಸ್ತೆಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಕೂಡದೆಂಬ ಕೇಂದ್ರದ ನಿಯಮ ಎರಡೇ ದಿನದಲ್ಲಿ ರದ್ದಾಯಿತು. ಆದರೆ ಆ ನಡುವೆ ಲಾಠಿ ಬೀಸಿತು, ಬಸ್ಸುಗಳು ಉರಿದವು.

ಅವರ ಕನಿಷ್ಠ ವೇತನವನ್ನು ಗೊತ್ತುಪಡಿಸುವುದು ರಾಜ್ಯ ಸರಕಾರ. ವಿಧಾನಪರಿಷತ್ತಿನ 75 ಸ್ಥಾನಗಳಲ್ಲಿ ಪದವೀಧರರಿಗೆ 7, ಶಿಕ್ಷಕರಿಗೆ 7; ಕೂಲಿಗಾರರಿಗೆ ಒಂದೂ ಇಲ್ಲ. 1935ರ ಕಾಯಿದೆಯಲ್ಲಿ ಆಂಗ್ಲರು ಸಹ ಪ್ರಾಂತಗಳ ಶಾಸನಸಭೆಗಳಲ್ಲಿ ಕಾರ್ಮಿಕರಿಗೆಂದು ಕೆಲವು ಸ್ಥಾನಗಳನ್ನಿಟ್ಟಿದ್ದರು! ಸಾಮಾನ್ಯ ಕ್ಷೇತ್ರದಲ್ಲೇ ಗೆದ್ದು ಬರಲೆನ್ನುವವರಿದ್ದಾರೆ. ಬಾಡಿಗೆಯ ಕೋಣೆ ಬೊಮ್ಮನಹಳ್ಳಿಯಲ್ಲಿ, ಮತ ಹುಟ್ಟೂರಿನಲ್ಲಿ ಇರುವವರು ಗೆಲ್ಲುವುದೆಂತು, ಗೆಲ್ಲಿಸುವುದೆಂತು?

ಸಂವಿಧಾನದ ತಿದ್ದುಪಡಿ ಸಂಸತ್ತಿಗೆ ಸೇರಿದ್ದು. ಆದರೆ ಪರಿಷತ್ತಿನ 11 ನಾಮಕರಣ ಸ್ಥಾನಗಳಿಗೆ ಹೆಸರು ಸೂಚಿಸುವುದು ರಾಜ್ಯದ ಮಂತ್ರಿಮಂಡಲವೇ. ಸಮಾಜಸೇವೆಯೂ ಅಲ್ಲಿ ಒಂದು ಅರ್ಹತೆ. ಹೊಲಿಗೆಯಂತ್ರದ ಮುಂದೆ ದುಡಿದು, ಜೊತೆಯವರನ್ನು ಸಂಘಟಿಸಿದ ಒಬ್ಬ ಹೆಣ್ಣುಮಗಳ ಹೆಸರನ್ನು ಬರೆಯಲು ಸರಕಾರಕ್ಕಿರುವ ಅಡ್ಡಿಯೇನು?