ರೈಲು ಬಾರದ ಊರಿಗೆ ಅಂಗೈಯಗಲದ ಪೇಟೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದ್ದು, ಈ ಎರಡು ಕಾರ್ಯಗಳ ಕಷ್ಟ ಕೈಹಾಕಿದವನಿಗೇ ಗೊತ್ತು ಎಂಬ ಅರ್ಥದಲ್ಲಿ. ಆದರೆ ಮರಳು, ಸಿಮೆಂಟು, ಮೇಸ್ತ್ರಿಗಳ ಗೊಡವೆಯೇ ಇಲ್ಲದೆ, ಒಂದೇ ಮಳೆಗಾಲದಲ್ಲಿ ಹತ್ತು ಮನೆ, ನಾಲ್ಕು ಅಂಗಡಿ, ಒಂದು ಅಂಚೆ ಕಚೇರಿ ಮತ್ತು ಒಂದು ರೈಲು ನಿಲ್ದಾಣವನ್ನು ಕಟ್ಟಿ ಮುಗಿಸುವ ಗೃಹಸ್ಥರೂ ಲೋಕದಲ್ಲಿದ್ದಾರೆ. ಅವರು ಕಟ್ಟಿದ ಮಹಡಿ ಮನೆಯ ಎತ್ತರ ಒಂದು ಗೇಣನ್ನು ಮೀರುವುದಿಲ್ಲ. ಆದರೂ ಅಳತೆ ತಪ್ಪಿದರೆ ಗೋಡೆ ವಾಲುತ್ತದೆ, ಮಾಡು ಕೂಡುವುದಿಲ್ಲ, ಬಾಗಿಲು ಮುಚ್ಚುವುದಿಲ್ಲ. ಮಾದರಿ ರೈಲಿನ ಸುತ್ತ ಪುಟ್ಟ ಪೇಟೆಯೊಂದನ್ನು ಕೈಯಾರೆ ನಿರ್ಮಿಸುವ ಆ ಹವ್ಯಾಸವೇ ಈ ವಾರದ ವಿಷಯ.

ಹವ್ಯಾಸ ಹಳೆಯದು. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯವರು ಲೈಪ್‌ಜಿಗ್ ನಗರದ ಮೇಳದಲ್ಲಿ, ತುಂಡು ತುಂಡಾಗಿ ಜೋಡಿಸಿ ಬೇಕಾದಷ್ಟು ಬೆಳೆಸಬಹುದಾದ ಹಳಿಗಳ ಆಟಿಕೆ ರೈಲನ್ನು ಪ್ರದರ್ಶಿಸಿದರು. ಅಂದಿನಿಂದ ರೈಲಿನ ಹಿಂದೆಯೇ ಊರುಗಳೂ ಹುಟ್ಟಿಕೊಂಡವು. ನಮಗೆ ಸಮೀಪದ ಪುಣೆಯಲ್ಲಿ 1998ರಲ್ಲಿ ತೆರೆದ ಜೋಶಿಯವರ ಕಿರು ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಇಂಥ ಒಂದು ಪಟ್ಟಣವೇ ಇದೆ. ಎಂಜಿನು, ಡಬ್ಬಿ, ಹಳಿಗಳು ಅಂಗಡಿಯಲ್ಲಿ ದೊರೆಯುತ್ತವೆ. ಜೋಡಿಸಿ ನಿಲ್ಲಿಸುವ ಕಟ್ಟಡಗಳೂ ಪೆಟ್ಟಿಗೆಯಲ್ಲಿ ಬರುತ್ತವೆ. ಆದರೆ ಪೆಟ್ಟಿಗೆಯನ್ನು ಬಿಚ್ಚಿದರೆ ಒಳಗಿರುವುದು ಹಿಮ ಜಾರಲೆಂದು ಕಡಿದಾಗಿ ಇಳಿಸಿದ ಮಾಡು, ಹೊಗೆಗೂಡು, ಮುಚ್ಚಿದ ಕಿಟಕಿ. ಜಗುಲಿ ಇಲ್ಲ, ತುಳಸಿಕಟ್ಟೆ ಇಲ್ಲ, ಹಲಗೆ ಬಾಗಿಲಿನ ಅಂಗಡಿ ಇಲ್ಲ. ಶಿರಸಿಯ ಪೇಟೆಬೀದಿಯನ್ನು ಯಾವ ಕಂಪೆನಿಯೂ ಪೆಟ್ಟಿಗೆಯಲ್ಲಿ ತುಂಬಿ ಮಾರುವುದಿಲ್ಲ. ಬೇಕಾದರೆ ನಾವೇ ಕಟ್ಟಿಕೊಳ್ಳಬೇಕು.

ಶಿರಸಿಯ ಹೆಸರು ಸುಮ್ಮನೆ ಬಂದದ್ದಲ್ಲ. ವಾನಳ್ಳಿಯಂಥ ಅಡಿಕೆ ತೋಟಗಳ ನಡುವಿನ ಊರಿನಲ್ಲಿ ಬೆಳೆದ ಮಗುವಿಗೆ ಪೇಟೆಯೆಂದರೆ ಶಿರಸಿ. ರೈಲೆಂದರೆ ದೂರದ ಸುದ್ದಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ಪೇಟೆಗಳಿಗೂ ರೈಲು ಬಂದಿಲ್ಲ. ಶಿವಮೊಗ್ಗದಿಂದ ಹೊರಟ ಹಳಿ 1940ರ ಹೊತ್ತಿಗೆ ತಾಳಗುಪ್ಪವನ್ನು ಮುಟ್ಟಿ, ಸಿದ್ದಾಪುರ ಇನ್ನೇನು ಕೂಗಳತೆಯಲ್ಲಿದೆ ಎನ್ನುವಾಗ ನಿಂತುಬಿಟ್ಟಿತು. ಅತ್ತ ಕರಾವಳಿಯಲ್ಲಿ 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆ ಕುಮಟೆಯ ಮೇಲೆ ಹಾದುಹೋಯಿತು. ಅದನ್ನು ಹಿಡಿಯಲು ದೇವಿಮನೆ ಘಟ್ಟವನ್ನು ಇಳಿಯಬೇಕು. ಇತ್ತ ಬಯಲುಸೀಮೆಗೆ ಹುಬ್ಬಳ್ಳಿ. ಮೂರು ಕಡೆಗಳಲ್ಲಿ ರೈಲು ಓಡುತ್ತಿದ್ದರೂ ನಡುವಿನ ಮಲೆನಾಡಿಗೆ ಅದರ ಕೂಗು ಕೇಳಿಸದು. ಹಾಗಿರುವಾಗ ಮೇಜಿನ ಮೇಲಾದರೂ ಶಿರಸಿಗೆ ರೈಲು ಬರಲಿ ಎಂದು ಬಯಸುವುದು ಅತಿಯಾಸೆಯೇನೂ ಅಲ್ಲ.

ಇಲ್ಲದ ರೈಲಿಗೆ ಊರು ಕಟ್ಟುವುದು ಹುಚ್ಚಾಟವೆಂದು ನಗುವವರು ಮಾಲ್ಗುಡಿಯನ್ನು ನೆನೆದುಕೊಳ್ಳಬೇಕು. ಆರ್. ಕೆ. ನಾರಾಯಣ್ ಅವರು 1935ರಲ್ಲಿ ಪ್ರಕಟವಾದ ತಮ್ಮ ಮೊದಲ ಕಾದಂಬರಿಯಿಂದಲೇ ಇಲ್ಲದ ಊರೊಂದನ್ನು ಕಟ್ಟತೊಡಗಿದರು. ಅವರ ಮನಸ್ಸಿಗೆ ಮೊದಲು ಹೊಳೆದದ್ದು ಆ ಊರಿನ ರೈಲು ನಿಲ್ದಾಣವೇ. 1980ರ ದಶಕದಲ್ಲಿ ಶಂಕರನಾಗ್ ಅದನ್ನು ದೂರದರ್ಶನಕ್ಕೆ ತಂದಾಗ ನಿಲ್ದಾಣದ ದೃಶ್ಯಗಳನ್ನು ಚಿತ್ರಿಸಿದ್ದು ಇದೇ ತಾಳಗುಪ್ಪದ ಮಾರ್ಗದ ಅರಸಾಳಿನಲ್ಲಿ. ಅಲ್ಲಿನ ಹಳೆಯ ನಿಲ್ದಾಣದ ಕಟ್ಟಡವನ್ನು ಕಲಾವಿದ ಜಾನ್ ದೇವರಾಜ್ ಸಜ್ಜುಗೊಳಿಸಿದರು. 2020ರಿಂದ ಅದು ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿದೆ. ಇಲ್ಲದ ಊರಿಗೆ ಇರುವ ನಿಲ್ದಾಣ ದೊರೆಯಬಹುದಾದರೆ, ಇರುವ ಊರಿಗೆ ಇಲ್ಲದ ನಿಲ್ದಾಣವೇಕೆ ದೊರೆಯಬಾರದು?

ಇನ್ನು ಕೆಲಸಕ್ಕೆ ಇಳಿಯೋಣ. ಮೊದಲು ಪ್ರಮಾಣ. ಹೆಚ್ಚು ರೂಢಿಯಲ್ಲಿರುವ ‘ಎಚ್‌ಓ’ ಎಂಬ ಅಳತೆಯಲ್ಲಿ ನಿಜವಸ್ತುವಿನ 87ರಲ್ಲಿ ಒಂದು ಪಾಲು ಮಾದರಿಯ ಗಾತ್ರ. ಐದೂವರೆ ಅಡಿಯ ಮನುಷ್ಯ 19 ಮಿಲಿಮೀಟರ್ ಆಗುತ್ತಾನೆ; ಏಳಡಿಯ ಬಾಗಿಲು 24 ಮಿಲಿಮೀಟರ್. ಹದಿನೈದು ಮೀಟರ್ ಎತ್ತರದ ಅಡಿಕೆ ಮರ 17 ಸೆಂಟಿಮೀಟರಿಗೆ ಇಳಿಯುತ್ತದೆ. ಅಂಗಡಿಯಲ್ಲಿ ಸಿಕ್ಕುವ ಈ ಪ್ರಮಾಣದ ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಅದು ಯೂರೋಪಿನ ಹಳಿಗೆ ಸರಿಯಾದದ್ದು. ನಮ್ಮ ಬ್ರಾಡ್‌ಗೇಜಿಗೆ ಲೆಕ್ಕದಂತೆ 19 ಮಿಲಿಮೀಟರಿಗೂ ತುಸು ಹೆಚ್ಚು ಬೇಕು. ಹಳೆಯ ಮೀಟರ್‌ಗೇಜಿಗಾದರೆ 12 ಸಾಕು. ಹಳಿಯ ಈ ವ್ಯತ್ಯಾಸವನ್ನು ಬಹುಮಂದಿ ಸಹಿಸಿಕೊಳ್ಳುತ್ತಾರೆ. ಮನೆಗಳ ವಿಷಯದಲ್ಲಿ ಸಹಿಸಬೇಕಾದ ಕಾರಣವಿಲ್ಲ, ಏಕೆಂದರೆ ಮನೆಗಳು ನಮ್ಮ ಕೈಯಲ್ಲಿವೆ.

ಪ್ರಮಾಣವೊಂದು ಮನಸ್ಸಿನಲ್ಲಿ ನೆಲೆನಿಂತರೆ ಅಡಿಗೆಮನೆಯೇ ಉಗ್ರಾಣವಾಗುತ್ತದೆ. ಎರಡು ಮಿಲಿಮೀಟರ್ ದಪ್ಪದ ಬೆಂಕಿಕಡ್ಡಿಯನ್ನು 87ರಿಂದ ಗುಣಿಸಿದರೆ ಹದಿನೇಳು ಸೆಂಟಿಮೀಟರ್. ಅಂದರೆ ಜಗುಲಿಯ ಮರದ ಕಂಬ. ಹಿಡಿಯಿಂದ ಎಳೆದ ತೆಂಗಿನ ಕಡ್ಡಿ ಗೋಡೆಗುಂಟ ಇಳಿಯುವ ಮಳೆನೀರಿನ ಕೊಳವೆ. ಹೊಲಿಗೆಯ ನೂಲು ಕಿಟಕಿಯ ಸರಳು. ಕೊತ್ತಂಬರಿ ಬೀಜ ಬಚ್ಚಲಿನ ಹಂಡೆ. ಹುಣಸೆ ಬೀಜವನ್ನು ನಿಲ್ದಾಣದ ಕಟ್ಟೆಯ ಮೇಲೆ ಸಾಲಾಗಿ ಒಟ್ಟಿ ನೋಡಿ: ಅಡಿಕೆಯ ಮೂಟೆಗಳೇ! 1923ರಲ್ಲಿ ತೋಟಗಾರರು ತಮ್ಮದೇ ಸೇಲ್ ಸೊಸೈಟಿಯನ್ನು ಕಟ್ಟಿಕೊಂಡ ಊರಿಗೆ ರೈಲು ಬಂದಿದ್ದರೆ ಗೂಡ್ಸ್ ಷೆಡ್ಡಿನಲ್ಲಿ ತುಂಬಿರುತ್ತಿದ್ದುದು ಮತ್ತೇನು?

ಗೋಡೆಗೆ ಉತ್ತಮವಾದದ್ದು ಪುಸ್ತಕದ ರಟ್ಟು. ಅದಕ್ಕಿಂತ ಹಗುರವಾದ, ಚೂರಿಗೆ ಬೆಣ್ಣೆಯಂತೆ ಒದಗುವ ಇನ್ನೊಂದು ವಸ್ತು ಈ ಸೀಮೆಯಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿದೆ. ಅದು ಬೆಂಡು. ಶಿರಸಿ, ಸಾಗರ, ಸೊರಬಗಳ ಗುಡಿಗಾರರು ಗಂಧದ ಮರದಲ್ಲಿ ಕೆತ್ತುವುದು ಲೋಕಪ್ರಸಿದ್ಧ. ಅದೇ ಕುಲದವರು ಬೆಂಡನ್ನು ಹಾಳೆಹಾಳೆಯಾಗಿ ಸೀಳಿ ಮದುವೆಯ ಬಾಸಿಂಗವನ್ನೂ ಮಾಡುತ್ತ ಬಂದವರು. ಗೇಣುದ್ದದ ಗಂಧದ ಮಂಟಪದಲ್ಲಿ ಕಂಬ, ಬೋದಿಗೆ, ಬಳ್ಳಿಗಳನ್ನು ಬಿಡಿಸುವ ಕೈಗಳು ನಮ್ಮ ನಡುವೆಯೇ ಇರುವಾಗ, ಕಿರಿದನ್ನು ಕಟ್ಟುವ ವಿದ್ಯೆ ಪರದೇಶದಿಂದ ಬಂದದ್ದೆಂದು ಭಾವಿಸುವುದು ತಪ್ಪು. ನವರಾತ್ರಿಯಲ್ಲಿ ಗೊಂಬೆ ಕೂರಿಸಿ, ತಟ್ಟೆಯಲ್ಲಿ ರಾಗಿ ಮೊಳೆಯಿಸಿ ಉದ್ಯಾನ ಮಾಡುವ ಮೈಸೂರಿನ ಗೃಹಿಣಿಯರಿಗೂ ಇದರ ಅರ್ಧ ವಿದ್ಯೆ ಆಗಲೇ ಕರಗತವಾಗಿದೆ.

ಎಲ್ಲಕ್ಕಿಂತ ತಾಳ್ಮೆ ಬೇಡುವುದು ಮಾಡು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳ ಪೇಟೆಗಳೆಲ್ಲ ಕೆಂಪು ಮಾಡಿನವಾದವು. ಆ ಹಂಚಿನ ಉದ್ದ ಸುಮಾರು 41 ಸೆಂಟಿಮೀಟರ್, ಅಗಲ ಇಪ್ಪತ್ತಮೂರೂವರೆ. ಮಾದರಿಯಲ್ಲಿ ಅದು ಐದು ಮಿಲಿಮೀಟರಿಗೂ ಕಡಿಮೆ ಉದ್ದ, ಮೂರಕ್ಕೂ ಕಡಿಮೆ ಅಗಲ. ಸಾಮಾನ್ಯ ರಟ್ಟಿನ ಪೆಟ್ಟಿಗೆಯೊಳಗಿನ ಅಲೆಯಲೆ ಕಾಗದ ಇದಕ್ಕೆ ಒರಟಾಯಿತು. ವಿದ್ಯುದ್ದೀಪದ ಬುರುಡೆಗೆ ಸುತ್ತುವ ತೆಳ್ಳನೆಯ ಅಲೆಕಾಗದ ಹೆಚ್ಚುಕಡಿಮೆ ಸರಿಹೋಗುತ್ತದೆ. ಅದನ್ನು ನಾಲ್ಕು ಮಿಲಿಮೀಟರಿನ ಪಟ್ಟಿಗಳಾಗಿ ಕತ್ತರಿಸಿ, ಸೂರಿನಿಂದ ನೆತ್ತಿಯ ಕಡೆಗೆ, ಕೆಳಗಿನ ಪಟ್ಟಿಯ ಅಂಚನ್ನು ಮೇಲಿನದು ಮುಚ್ಚುವಂತೆ ಅಂಟಿಸುತ್ತ ಹೋಗಬೇಕು. ಹಂಚು ಹೊದಿಸುವವನು ನಿಜವಾದ ಮಾಡಿನ ಮೇಲೆ ಮಾಡುವುದೂ ಇದನ್ನೇ. ಮೇಲಿನಿಂದ ಆರಂಭಿಸಿದವನ ಮನೆ ಸೋರುತ್ತದೆ.

ಇನ್ನು ಅಳತೆ. ಚಿತ್ರ ನೋಡಿ ಕಟ್ಟಿದ ಮನೆ ಗೊಂಬೆಮನೆಯಾಗುತ್ತದೆ. ಅಳೆದು ಕಟ್ಟಿದ್ದು ಮಾತ್ರ ಊರಿನ ಮನೆಯಾಗುತ್ತದೆ. ಟೇಪು, ಪುಸ್ತಕ ಹಿಡಿದು ಬೀದಿಯಲ್ಲಿ ನಿಂತರೆ ಅಂಗಡಿಯ ಯಜಮಾನರು, “ಏನು ಮಾರಾಯರೆ, ರಸ್ತೆ ಅಗಲ ಮಾಡುವವರ ಕಡೆಯವರೋ?” ಎಂದು ಗಾಬರಿಯಾಗುವುದುಂಟು. ಆದುದರಿಂದ ಮೊದಲೇ ಅಪ್ಪಣೆ ಕೇಳಿಕೊಳ್ಳುವುದು ಮರ್ಯಾದೆ. ವಿಷಯ ತಿಳಿದ ಮೇಲೆ ಅದೇ ಯಜಮಾನರು ಟೇಪಿನ ಇನ್ನೊಂದು ತುದಿಯನ್ನು ತಾವೇ ಹಿಡಿಯುತ್ತಾರೆ. ಅಜ್ಜನ ಕಾಲದಲ್ಲಿ ಮಹಡಿಗೆ ಮರದ ಕಟಕಟೆಯಿತ್ತೆಂದೂ, ಅಂಗಡಿಯ ಹಲಗೆಗಳಿಗೆ ಒಂದು, ಎರಡು ಎಂದು ಅಂಕೆ ಹಾಕಿದ್ದು ರಾತ್ರಿ ಅವುಗಳನ್ನು ಸರದಿ ತಪ್ಪದೆ ಕೂಡಿಸಲೆಂದೂ ಹೇಳುತ್ತಾರೆ. ಎತ್ತರವನ್ನು ಅಳೆಯಲು ಏಣಿ ಬೇಡ. ಒಂದು ಸಾಲು ಚಿರೇಕಲ್ಲಿನ ದಪ್ಪವನ್ನು ಅಳೆದು ಸಾಲುಗಳನ್ನು ಎಣಿಸಿದರಾಯಿತು. ಗಾರೆ ಮೆತ್ತಿದ ಗೋಡೆಯಾದರೆ, ಒಂದು ಮೀಟರ್ ಕೋಲಿನ ನೆರಳನ್ನೂ ಕಟ್ಟಡದ ನೆರಳನ್ನೂ ಒಂದೇ ಹೊತ್ತಿನಲ್ಲಿ ಅಳೆದು ಭಾಗಿಸಿದರೆ ಎತ್ತರ ತಿಳಿಯುತ್ತದೆ. ತ್ರೈರಾಶಿಯನ್ನು ಶಾಲೆಯಲ್ಲಿ ದ್ವೇಷಿಸಿದ ಮಕ್ಕಳು ಇಲ್ಲಿ ಅದನ್ನು ಪ್ರೀತಿಸುತ್ತಾರೆ.

ಆದರೆ ಅಳೆದದ್ದನ್ನೆಲ್ಲ ಕಟ್ಟಲಾಗದು. ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು ಈ ಪ್ರಮಾಣದಲ್ಲಿ ಸುಮಾರು 160 ಮೀಟರ್ ಉದ್ದ, 105 ಮೀಟರ್ ಅಗಲದ ನೆಲ ಮಾತ್ರ. ಅದರಲ್ಲಿ ದೇವಿಕೆರೆಯನ್ನೂ ಬಿಡಕಿ ಬೈಲನ್ನೂ ಮಾರಿಕಾಂಬೆಯ ಗುಡಿಯನ್ನೂ ಹಿಡಿಸುವುದು ಹೇಗೆ? ಇಲ್ಲಿ ಆಯ್ಕೆ ಬೇಕು. ಒಂಬತ್ತು ಕಿಟಕಿಗಳ ಕಟ್ಟಡಕ್ಕೆ ಐದು ಇಟ್ಟರೂ ಮುಖಲಕ್ಷಣ ಕೆಡುವುದಿಲ್ಲ. ನಡುವಿನ ಕಿಟಕಿ ಉಳಿದಿರಬೇಕು, ಅಷ್ಟೆ. ಬಾಗಿಲನ್ನು ಮಾತ್ರ ಎಂದಿಗೂ ಕುಗ್ಗಿಸಬಾರದು. ಅದು ಮನುಷ್ಯನ ಅಳತೆ. ಹಿಂದಿನ ಸಾಲಿನ ಕಟ್ಟಡಗಳಿಗೆ ಮುಂಗೋಡೆ ಮತ್ತು ಎರಡು ಬೆರಳಗಲದ ಮಾಡು ಇದ್ದರೆ ಸಾಕು. ಉಳಿದುದನ್ನು ನೋಡುವವರ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಜಾತ್ರೆಗಾಗಿ ಚಪ್ಪರ, ಅಂಗಡಿ, ಆಟದ ಡೇರೆಗಳ ಪೇಟೆಯನ್ನು ಬಿಡಕಿ ಬೈಲಿನಲ್ಲಿ ಎಬ್ಬಿಸಿ ಮತ್ತೆ ಬಿಚ್ಚಿಡುವ ಶಿರಸಿಯವರಿಗೆ ಈ ಮಾಯೆ ಹೊಸದೇನಲ್ಲ.

ಬಣ್ಣದಲ್ಲಿ ಸಂಯಮವಿರಲಿ. ಮಲೆನಾಡಿನಲ್ಲಿ ಅಚ್ಚ ಬಿಳಿಯ ಗೋಡೆ ಇರುವುದು ಸುಣ್ಣ ಹೊಡೆದ ವಾರವಷ್ಟೇ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿದು ಗೋಡೆಯ ಬುಡಕ್ಕೆ ಮೊಳದೆತ್ತರ ಕೆಂಪು ಹತ್ತಿರುತ್ತದೆ. ತಲೆಗೋಡೆಯಿಂದ ಕಪ್ಪು ಪಾಚಿ ಇಳಿದಿರುತ್ತದೆ. ಬಟ್ಟೆಯಲ್ಲಿ ಸೋಸಿದ ಕೆಮ್ಮಣ್ಣನ್ನು ನೀರಂಟಿನಲ್ಲಿ ಕದಡಿ ಕುಂಚದಿಂದ ತಾಗಿಸಿದರೆ ಆ ಬುಡದ ಕೆಂಪು ಸಿದ್ಧ. ಹಾಗೆಯೇ ರಟ್ಟು ತೇವಕ್ಕೆ ಬಾಗದಿರಲು ಕಟ್ಟುವ ಮುನ್ನವೇ ಎರಡೂ ಬದಿಗೆ ವಾರ್ನಿಷ್ ಬಳಿದು, ಒಳಮೂಲೆಗಳಿಗೆ ಅಡಿಕೆ ದಬ್ಬೆಯ ಸಣ್ಣ ಆಸರೆ ಕೊಡಬೇಕು. ಮೈದಾ ಅಂಟಿಗೆ ಹುಳ ಬೀಳದಿರಲು ಚಿಟಿಕೆ ಮೈಲುತುತ್ತ ಬೆರೆಸುತ್ತಾರೆ. ಕೊಳೆರೋಗಕ್ಕೆ ಅದೇ ತುತ್ತವನ್ನು ಸುಣ್ಣದೊಡನೆ ಸಿಂಪಡಿಸುವ ತೋಟಿಗರಿಗೆ ಅದು ಅಪರಿಚಿತವಲ್ಲ. ವಿಷವಾದುದರಿಂದ ಅದರ ಕೆಲಸವನ್ನೂ ಚೂರಿಯ ಕೆಲಸವನ್ನೂ ಹಿರಿಯರೇ ವಹಿಸಿಕೊಳ್ಳಬೇಕು.

ಮನೆಗಳು ಎದ್ದು ನಿಂತ ಮೇಲೆ ನಿಜವಾದ ತಕರಾರು ಹುಟ್ಟುತ್ತದೆ: ಹಳಿ ಎಲ್ಲಿ ಹಾಯಬೇಕು? ಗೋಡೆಗೆ ಮೊಳೆ ಹೊಡೆಯುವಾಗಲೂ ಬಾರದ ಜಗಳ ಇಲ್ಲಿ ಬರುತ್ತದೆ. ಕೆರೆಯನ್ನು ಮುಚ್ಚೋಣ ಎಂದು ಒಬ್ಬರು, ಗುಡ್ಡ ಕಡಿಯೋಣ ಎಂದು ಇನ್ನೊಬ್ಬರು, ತಾನು ಅಂಟಿಸಿದ ಮರಗಳನ್ನು ಮುಟ್ಟಕೂಡದೆಂದು ಮೂರನೆಯ ಚಿಕ್ಕ ದನಿ. ದೊಡ್ಡ ಲೋಕದಲ್ಲಿಯೂ ನಡೆದಿರುವುದು ಇದೇ. ಯಲ್ಲಾಪುರದ ಮೇಲೆ ಹೋಗಬೇಕಾದ ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ 1990ರ ದಶಕದ ಕೊನೆಯಲ್ಲಿ ಶಂಕುಸ್ಥಾಪನೆಯಾಗಿ, ಕಾಡಿನ ಪ್ರಶ್ನೆಯಲ್ಲಿ ಅದು ವರ್ಷಾನುಗಟ್ಟಲೆ ತೂಗಾಡಿತು. ರೋಗಿಯನ್ನು ರಾತ್ರಿ ದೂರದ ಆಸ್ಪತ್ರೆಗೆ ಒಯ್ಯಬೇಕಾದವರ ಆತುರವೂ ನ್ಯಾಯವೇ. 1983ರಲ್ಲಿ ಇದೇ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಮರಗಳನ್ನು ಅಪ್ಪಿ ನಿಂತ ಜನರ ಅಪ್ಪಿಕೋ ಚಳವಳಿಯೂ ನ್ಯಾಯವೇ. ಮೇಜಿನ ಮೇಲೆ ಈ ವ್ಯಾಜ್ಯ ತೀರುವುದಿಲ್ಲ. ಆದರೆ ಒಂದು ತಿರುವು ತಿರುಗಿಸಲು ಎಷ್ಟು ನೆಲ ಬೇಕು, ಎಷ್ಟು ಮರ ಸರಿಯಬೇಕು ಎಂಬುದನ್ನು ಕೈಯಿಂದ ಬಲ್ಲ ಮಗು, ನಾಳೆ ಎರಡು ಪಕ್ಷಗಳ ಮಾತನ್ನೂ ತಾಳ್ಮೆಯಿಂದ ಕೇಳಬಲ್ಲದು.

ಹಾಗೆ ನೋಡಿದರೆ ಇಲ್ಲಿ ರೈಲು ಒಂದು ನೆಪ, ಊರೇ ಮುಖ್ಯ. ನಮ್ಮ ಪೇಟೆಗಳ ಹಂಚಿನ ಸಾಲುಗಳು ಒಂದೊಂದಾಗಿ ಉರುಳಿ ಕಾಂಕ್ರೀಟಿನ ಮಳಿಗೆಗಳು ಏಳುತ್ತಿವೆ. ವ್ಯಾಪಾರ ಬೆಳೆಯಬೇಕು, ಬೀದಿ ಅಗಲವಾಗಬೇಕು. ಕಟ್ಟಿದವರ ಮೊಮ್ಮಕ್ಕಳು ಅಲ್ಲೇ ಬಾಳಬೇಕು. ಅದನ್ನು ತಡೆಯುವ ಹಕ್ಕು ನೋಡುವವರಿಗೆ ಇಲ್ಲ. ಆದರೆ ಕೆಡಹುವ ಮುನ್ನ ಒಮ್ಮೆ ಅಳೆದಿಡುವ ಹಕ್ಕು ಯಾರಿಗೂ ಇದೆ. ಅರಮನೆಯ ನಕ್ಷೆಯನ್ನು ಸರಕಾರ ಕಾಪಾಡುತ್ತದೆ. ಕಿರಾಣಿ ಅಂಗಡಿಯ ಜಗುಲಿ ಎಷ್ಟು ಎತ್ತರವಿತ್ತು, ಅಲ್ಲಿ ಎಷ್ಟು ಮಂದಿ ಮಳೆಗೆ ನಿಲ್ಲುತ್ತಿದ್ದರು ಎಂಬುದನ್ನು ಯಾವ ಕಡತವೂ ಬರೆದಿಡುವುದಿಲ್ಲ. ರಟ್ಟಿನಲ್ಲಿ ಮನೆ ಕಟ್ಟಿದವನ ಪುಸ್ತಕದಲ್ಲಿ ಅದು ಉಳಿಯುತ್ತದೆ.

ಆದುದರಿಂದ ಓದುಗರು ರೈಲು ಕೊಳ್ಳುವ ಖರ್ಚಿಗೆ ಈಗಲೇ ಹೆದರಬೇಕಾಗಿಲ್ಲ. ಬರುವ ಭಾನುವಾರ ಮಕ್ಕಳನ್ನು ಕರೆದುಕೊಂಡು ನಿಮ್ಮ ಬೀದಿಯ ಅತ್ಯಂತ ಹಳೆಯ ಕಟ್ಟಡದ ಮುಂದೆ ನಿಲ್ಲಿ. ಒಳಗಿನವರ ಅಪ್ಪಣೆ ಪಡೆದು ಅದರ ಬಾಗಿಲು, ಕಿಟಕಿ, ಕಂಬಗಳನ್ನು ಅಳೆದುಕೊಳ್ಳಿ. ಒಂದು ರಟ್ಟು, ಒಂದು ಅಡಿಪಟ್ಟಿ, ಒಂದು ಬೆಂಕಿಪೊಟ್ಟಣ ಸಾಕು. ಮೊದಲ ಮನೆ ತುಸು ವಾಲಬಹುದು. ಮೂರನೆಯದು ನೆಟ್ಟಗೆ ನಿಲ್ಲುತ್ತದೆ. ರೈಲು ಬರುವಾಗ ಬರಲಿ.